ಔಷಧದಂಗಡಿಯ ಕಟ್ಟೆಯಾಚೆ



2023ರ ಸೆಪ್ಟೆಂಬರಿನಲ್ಲಿ ಕ್ಯಾನ್ಸಸ್ ಸಿಟಿ ಪ್ರದೇಶದ ಸಿವಿಎಸ್ ಮಳಿಗೆಗಳ ಫಾರ್ಮಸಿಸ್ಟರು ಕೆಲಸಕ್ಕೆ ಹೋಗದೆ ಉಳಿದರು. ಮರುತಿಂಗಳು ವಾಲ್‌ಗ್ರೀನ್ಸ್‌ನ ಹಲವು ಸಿಬ್ಬಂದಿಯೂ ಅದೇ ದಾರಿ ಹಿಡಿದರು. ಬಹುಪಾಲು ಜನರ ಬೆನ್ನಿಗೆ ಕಾರ್ಮಿಕ ಸಂಘವೂ ಇರಲಿಲ್ಲ. ಅವರ ಮುಖ್ಯ ಬೇಡಿಕೆ ಸಂಬಳದ್ದಲ್ಲ. ಜೊತೆಯಲ್ಲಿ ಸಾಕಷ್ಟು ಸಹಾಯಕರು ಇರಬೇಕೆಂಬುದು.

ಮಾತ್ರೆ ಎಣಿಸಿ ಕೊಡುವುದು ಕಿರಾಣಿ ವ್ಯಾಪಾರವಲ್ಲ. ರೋಗಿ ಈಗಾಗಲೇ ಸೇವಿಸುತ್ತಿರುವ ಔಷಧಗಳೊಂದಿಗೆ ಹೊಸದು ಹೊಂದುವುದೇ ಎಂದು ನೋಡಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವರು ಐಬುಪ್ರೊಫೆನ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇದನ್ನು ಗಮನಿಸಲು ಬೇಕಾದದ್ದು ಒಂದೆರಡು ನಿಮಿಷಗಳ ಏಕಾಗ್ರತೆ. ಅಷ್ಟರಲ್ಲೇ ಫೋನು ಹೊಡೆದುಕೊಳ್ಳುತ್ತದೆ, ಡ್ರೈವ್ ಥ್ರೂ ಕಿಟಕಿಯಲ್ಲಿ ಕಾರುಗಳು ನಿಂತಿವೆ, ಲಸಿಕೆಗೆಂದು ಬಂದವರು ಕುರ್ಚಿಯಲ್ಲಿ ಕಾದಿದ್ದಾರೆ. ಇವೆಲ್ಲದರ ಮೇಲೆ, ದಿನಕ್ಕೆ ಎಷ್ಟು ಚೀಟಿ, ಎಷ್ಟು ಲಸಿಕೆ ಎಂಬ ಲೆಕ್ಕ ಬೇರೆ.

ಮಧ್ಯಾಹ್ನದ ಊಟಕ್ಕೆಂದು ಅರ್ಧ ಗಂಟೆ ಫಾರ್ಮಸಿ ಮುಚ್ಚುವ ಪದ್ಧತಿಯನ್ನು ಸಿವಿಎಸ್ ತನ್ನ ಹೆಚ್ಚಿನ ಮಳಿಗೆಗಳಿಗೆ ತಂದದ್ದೇ 2022ರಲ್ಲಿ. ಮುಚ್ಚಿದ ಕಟ್ಟೆಯ ಮುಂದೆ ನಿಂತು ಗೊಣಗಿದವರಲ್ಲಿ ನಾನೂ ಒಬ್ಬಳು. ದುಡಿಮೆಯ ಕುರಿತು ಬರೆಯುವವಳಿಗೆ ಒಳಗೊಬ್ಬರು ಉಣ್ಣುತ್ತಿದ್ದಾರೆಂದು ಹೊಳೆಯಲೇ ಇಲ್ಲ.

ಸರಪಳಿ ಔಷಧಮಳಿಗೆಗಳು ಫಾರ್ಮಸಿಸ್ಟರಿಗೂ ಅವರ ಸಹಾಯಕರಿಗೂ ಇಂತಹ ಸಂಖ್ಯಾಗುರಿ ವಿಧಿಸುವುದನ್ನು ಕ್ಯಾಲಿಫೋರ್ನಿಯಾ 2021ರಲ್ಲಿ ಅಂಗೀಕರಿಸಿದ ಕಾನೂನಿನಿಂದಲೇ ನಿಷೇಧಿಸಿತು. ಆದ್ದರಿಂದ ಇದು ಆಗದ ಮಾತೇನಲ್ಲ. ನಮ್ಮ ನಮ್ಮ ರಾಜ್ಯಗಳ ಫಾರ್ಮಸಿ ಮಂಡಳಿಗಳು ಸಾರ್ವಜನಿಕ ಸಭೆ ನಡೆಸುತ್ತವೆ. ಅಲ್ಲಿ ರೋಗಿಗಳ ಪರವಾಗಿ ಎದ್ದು ಮಾತಾಡಲು ಔಷಧಶಾಸ್ತ್ರ ಓದಿರಬೇಕಾಗಿಲ್ಲ. ಮುಂದಿನ ಸಭೆಗೆ ನಾನು ಹೋಗುತ್ತಿದ್ದೇನೆ. ನಿಮ್ಮಲ್ಲಿ ಯಾರು ಬರುತ್ತೀರಿ?