ಯಂತ್ರವೂ ಉಪಾಧ್ಯಾಯರೂ
(ತೊರಪಳ್ಳಿಯಲ್ಲಿ ಸಂಘದ ವಾರ್ಷಿಕೋತ್ಸವದಂದು, ಉಪಾಧ್ಯಾಯ ತರಬೇತಿಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಾವಿನ್ನೂ ಉಪಾಧ್ಯಾಯರಲ್ಲ, ಆಗಲಿರುವವರು. ಅನುಭವಿಗಳಾದ ನಿಮ್ಮ ಮುಂದೆ ಅನುಭವವಿಲ್ಲದ ನಾವು ಮಾತನಾಡುವುದು ಸಾಹಸವೇ ಸರಿ. ಆದರೆ ನಾಳೆ ನಿಮ್ಮ ಮಕ್ಕಳು ಕುಳಿತುಕೊಳ್ಳುವುದು ನಮ್ಮೆದುರಿನಲ್ಲಿ. ಆದಕಾರಣ ನಮ್ಮ ಮನಸ್ಸಿನಲ್ಲಿ ಏನಿದೆಯೆಂಬುದನ್ನು ತಿಳಿಯುವ ಅಧಿಕಾರ ನಿಮಗುಂಟು.

ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿರುವುದು ಯಂತ್ರಗಳ ಮಾತು. ಕರಿಹಲಗೆಯ ಸ್ಥಾನದಲ್ಲಿ ಬೆಳಗುವ ಪರದೆ ಬಂದಿದೆ. ಪಠ್ಯಪುಸ್ತಕದ ಪುಟದಲ್ಲಿ ಚೌಕಾಕಾರದ ಗುರುತೊಂದು ಮುದ್ರಿತವಾಗಿದ್ದು, ಮೊಬೈಲನ್ನು ಅದರ ಮುಂದೆ ಹಿಡಿದರೆ ಪಾಠ ತಾನೇ ತೆರೆದುಕೊಳ್ಳುತ್ತದೆ. ಪ್ರಶ್ನೆ ಕೇಳಿದರೆ ಕೃತಕ ಬುದ್ಧಿಯ ಯಂತ್ರವು ಕನ್ನಡದಲ್ಲಿಯೇ ಉತ್ತರ ಹೇಳುತ್ತದೆ. ಇನ್ನು ಉಪಾಧ್ಯಾಯರೇಕೆ ಎಂದು ಕೇಳುವವರೂ ಇದ್ದಾರೆ. ಯಂತ್ರಗಳನ್ನೆಲ್ಲ ಹೊರಗಿಡಿ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳೂ ನಮಗೆ ಒಪ್ಪಿಗೆಯಾಗಲಿಲ್ಲ.

ಹೊಸ ಯಂತ್ರಕ್ಕೆ ಕನ್ನಡಿಗರು ಎಂದೂ ಹೆದರಿದವರಲ್ಲ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವ್ಯಾಪಾರಿಯಲ್ಲ, ಅಧಿಕಾರಿಯಲ್ಲ, ಪಾಠ ಹೇಳುವ ಮೇಷ್ಟ್ರೊಬ್ಬರು ಆ ಯಂತ್ರವನ್ನು ಮೈಸೂರಿಗೆ ತಂದರೆಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ.

ಆದರೆ ಯಂತ್ರಗಳು ಬರುತ್ತವೆ, ಹೋಗುತ್ತವೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಮಕ್ಕಳು ಅವನ್ನು ಕನ್ನಡದಲ್ಲಿ ಕೇಳಿದರು. ವರ್ಷ ತುಂಬಿತು, ಪ್ರಯೋಗ ಮುಗಿಯಿತು. ಇಲ್ಲಿಂದ ಕಾಡು ದಾಟಿದರೆ ಸಿಗುವ ಚಾಮರಾಜನಗರ ಜಿಲ್ಲೆಯದೇ ಇನ್ನೊಂದು ಉದಾಹರಣೆ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳಿಗಾಗಿ ಆ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳನ್ನು ಆರಿಸಲಾಯಿತು. 2010ರಲ್ಲಿ ಆ ಉಪಗ್ರಹದ ಸೇವೆಯೂ ಕೊನೆಗೊಂಡಿತು. ಉಪಗ್ರಹಗಳು ಸುಮ್ಮನಾದ ಮೇಲೂ ಬೆಳಗಿನ ಗಂಟೆ ಬಾರಿಸಿ ಮಕ್ಕಳ ಹಾಜರಿ ಕರೆದವರು ಉಪಾಧ್ಯಾಯರು.

ಹೊಸ ವಿಧಾನವೆಂದರೆ ವಿದ್ಯುತ್ತಿನ ಯಂತ್ರವೇ ಆಗಬೇಕೆಂದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಪದ್ಧತಿ ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದು, ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ವಿಂಗಡಿಸಿ, ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುವುದು. ಹಿಂದೆ ಬಿದ್ದ ಮಗುವಿನ ಪಕ್ಕದಲ್ಲಿ ಉಪಾಧ್ಯಾಯರು ಕೂರುವುದು. ಅದೇ ಋಷಿವ್ಯಾಲಿಯ ದಾರಿಯನ್ನು ಕಂಡು 2003ರಲ್ಲಿ ಚೆನ್ನೈ ನಗರದ ಶಾಲೆಗಳೂ ಚಟುವಟಿಕೆಯ ಪಾಠಗಳನ್ನು ಆರಂಭಿಸಿದವು. ಗಡಿಯ ಎರಡು ಕಡೆಗಳಲ್ಲಿಯೂ ಒಂದೇ ಬೀಜ ಮೊಳೆಯಿತು. ಅದಕ್ಕೆ ಬೇಕಾದುದು ರಟ್ಟು, ಬಣ್ಣ, ಮತ್ತು ಮಗುವಿನ ಮುಖವನ್ನು ನೋಡುವ ಕಣ್ಣು.

ನಮ್ಮ ಸ್ವಂತ ಅನುಭವವೊಂದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಪಾಠಾಭ್ಯಾಸಕ್ಕಾಗಿ ಗಡಿಯ ಒಂದು ಕನ್ನಡ ಶಾಲೆಗೆ ನಮ್ಮನ್ನು ಕಳುಹಿಸಿದ್ದರು. ಸಸ್ಯದ ಭಾಗಗಳ ಪಾಠಕ್ಕೆಂದು ಬಹಳ ಉತ್ಸಾಹದಿಂದ ಪರದೆಯ ಚಿತ್ರಗಳನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆವು. ಚಿತ್ರದಲ್ಲಿದ್ದುದು ಸೇಬಿನ ಮರ. ಹಿನ್ನೆಲೆಯ ಧ್ವನಿ ಇಂಗ್ಲಿಷಿನದು. ಮಕ್ಕಳು ಬಣ್ಣವನ್ನು ನೋಡಿದರೇ ಹೊರತು ಪಾಠವನ್ನು ಕೇಳಲಿಲ್ಲ. ಆಷಾಢದ ಮಳೆ ಜೋರಾಯಿತು, ವಿದ್ಯುತ್ತು ಹೋಯಿತು, ಪರದೆ ಕಪ್ಪಾಯಿತು. ನಮಗೆ ಕೈಕಾಲು ಆಡದಾಯಿತು. ಬೇರೆ ದಾರಿ ಕಾಣದೆ, ಮಳೆ ನಿಂತೊಡನೆ ಹೊರಗೆ ಹೋಗಿ ಒಂದೊಂದು ಗಿಡದ ಟೊಂಗೆ ತನ್ನಿರೆಂದೆವು. ಕಾಡಂಚಿನ ಹಾಡಿಯ ಹುಡುಗಿಯೊಬ್ಬಳು ಲಂಟಾನದ ಟೊಂಗೆ ತಂದಳು. ಅದುವರೆಗೆ ಬಾಯಿ ತೆರೆಯದಿದ್ದ ಆ ಮಗು, “ಇದನ್ನು ಆನೆ ತಿನ್ನೋದಿಲ್ಲ ಮೇಷ್ಟ್ರೇ, ಇದು ಬೆಳೆದ ಕಡೆ ಹುಲ್ಲೂ ಬರೋದಿಲ್ಲ” ಎಂದಿತು. ಅಂದಿನ ಪಾಠವನ್ನು ಹೇಳಿದವಳು ಅವಳೇ, ಕೇಳಿದವರು ನಾವು.

ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಆ ಗಿಡ ಇಂದು ಮುದುಮಲೆಯ ಕಾಡನ್ನು ಆಕ್ರಮಿಸಿದೆ. ಅದರ ಕಡ್ಡಿಗಳಿಂದಲೇ ಗೂಡಲೂರು ಕಡೆಯ ಆದಿವಾಸಿ ಕುಶಲಕರ್ಮಿಗಳು ರಚಿಸಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಜನರನ್ನು ಬೆರಗುಗೊಳಿಸಿದವು. ಲಂಡನ್ನಿನ ಮಕ್ಕಳು ಕಂಡ ಈ ವಿಷಯ ನಮ್ಮ ತರಗತಿಯ ಪರದೆಯಲ್ಲಿ ಇರಲಿಲ್ಲ! ಇದು ಯಂತ್ರದ ತಪ್ಪೇ? ಅಲ್ಲ. ಯಾರೂ ಅದನ್ನು ಯಂತ್ರದೊಳಗೆ ಇಟ್ಟಿರಲಿಲ್ಲ. ಯಂತ್ರವು ಕಣಜದಂತೆ, ತುಂಬಿದುದನ್ನೇ ಕೊಡುವುದು.

ಗಡಿನಾಡಿನ ಕನ್ನಡ ತರಗತಿಯ ಕಷ್ಟವೂ ಇಲ್ಲಿಯೇ ಇದೆ. ತಮಿಳುನಾಡು ಸರಕಾರದ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ, ಇದು ಉಪಕಾರ. ಆದರೆ ಪರದೆಯ ಪಾಠಗಳಲ್ಲಿ ಹೆಚ್ಚಿನವು ತಮಿಳಿನವು, ಇಲ್ಲವೇ ಇಂಗ್ಲಿಷಿನವು. ಕರ್ನಾಟಕದಲ್ಲಿ ‘ಸಂವೇದ’ದಂತಹ ಕನ್ನಡ ಪಾಠಗಳು ದೂರದರ್ಶನದಲ್ಲಿ ಬಂದವು, ಅವು ಅಲ್ಲಿಯ ಪಠ್ಯಕ್ರಮವನ್ನು ಅನುಸರಿಸಿದವು. ಹೀಗೆ ನಮ್ಮ ಮಗು ಭಾಷೆ ತಿಳಿದರೆ ಪಾಠ ಬೇರೆ, ಪಾಠ ಹೊಂದಿದರೆ ಭಾಷೆ ಬೇರೆ ಎಂಬ ಇಕ್ಕಟ್ಟಿನಲ್ಲಿದೆ. ಹೊಸತೆಲ್ಲ ಬೇರೆ ಭಾಷೆಯಲ್ಲಿ ಬಂದು, ಕನ್ನಡಕ್ಕೆ ಹಳೆಯ ಕರಿಹಲಗೆಯೊಂದೇ ಉಳಿದರೆ, ಕನ್ನಡವೇ ಹಳತೆಂದು ಮಗು ಭಾವಿಸದಿರುವುದೇ? ಆಗ ತಂದೆತಾಯಿಗಳು ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿದರೆ ಅವರನ್ನು ದೂರುವುದು ನ್ಯಾಯವಲ್ಲ. ತಮಿಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಬೇಕು; ಅದು ನಾವು ಬಾಳುತ್ತಿರುವ ನಾಡಿನ ನುಡಿ, ನೆರೆಮನೆಯ ನುಡಿ. ಆದರೆ ಅದಕ್ಕಾಗಿ ತಾಯ್ನುಡಿಯನ್ನು ಬಿಟ್ಟುಕೊಡಬೇಕಾಗಿಲ್ಲ.

ಇದಕ್ಕೆ ದಾರಿಯಿಲ್ಲದೆ ಇಲ್ಲ. 2020ರಲ್ಲಿ ರೋಗಭಯದಿಂದ ಶಾಲೆಗಳು ಮುಚ್ಚಿದಾಗ ಕೇರಳದಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಮಾಲೆ ಆರಂಭವಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅದರಲ್ಲಿ ಕನ್ನಡ ಪಾಠಗಳೂ ಸಿದ್ಧವಾದವು. ಕಾಸರಗೋಡಿನಲ್ಲಿ ಆದುದು ತಾಳವಾಡಿಯಲ್ಲಿ, ಹೊಸೂರಿನಲ್ಲಿ, ಈ ನೀಲಗಿರಿಯ ಸೆರಗಿನಲ್ಲಿ ಏಕಾಗಬಾರದು? ಒಂದು ಮೊಬೈಲು, ಒಬ್ಬ ಶ್ರದ್ಧಾವಂತ ಉಪಾಧ್ಯಾಯ, ಒಂದು ನಿಶ್ಶಬ್ದವಾದ ಕೋಣೆ, ಇಷ್ಟಿದ್ದರೆ ಪಾಠವೊಂದು ಸಿದ್ಧವಾಗುತ್ತದೆ. ಕೃತಕ ಬುದ್ಧಿಯ ಯಂತ್ರದ ನೆರವನ್ನೂ ಪಡೆಯಬಹುದು. ಆದರೆ ಅದು ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುವುದರಿಂದ, ತಿದ್ದುವ ಉಪಾಧ್ಯಾಯರು ಪಕ್ಕದಲ್ಲಿಯೇ ಇರಬೇಕು.

ಕೊನೆಯದಾಗಿ, ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಲಂಟಾನದ ಟೊಂಗೆ ತಂದ ಆ ಹುಡುಗಿಯ ಮನೆಮಾತು ಕನ್ನಡವಲ್ಲ. ಬೆಟ್ಟಕುರುಂಬರು, ಪಣಿಯರು, ಕಾಟುನಾಯಕರು ಇವರ ಮಕ್ಕಳಿಗೆ ತಮಿಳಿನಂತೆ ಕನ್ನಡವೂ ಶಾಲೆಯ ಭಾಷೆಯೇ. ನಮ್ಮ ಮಕ್ಕಳಿಗೆ ತಾಯ್ನುಡಿ ಬೇಕೆಂದು ನಾವು ಕೇಳುವ ನ್ಯಾಯವನ್ನು ಆ ಮಕ್ಕಳಿಗೂ ಸಲ್ಲಿಸದಿದ್ದರೆ ನಮ್ಮ ಮಾತಿಗೆ ಬೆಲೆಯೆಲ್ಲಿಯದು? ಅವರ ಮಾತುಗಳೂ, ಗಿಡಮರಗಳಿಗೆ ಅವರಿಟ್ಟ ಹೆಸರುಗಳೂ ಪಾಠದೊಳಗೆ ಬರಬೇಕು.

ಆದುದರಿಂದ ಸಂಘದವರಲ್ಲಿ ನಮ್ಮ ಬಿನ್ನಹವಿಷ್ಟು. ಹಿರಿಯರು ಬಲ್ಲ ಹಾಡು, ಗಾದೆ, ಗಿಡಮೂಲಿಕೆಗಳ ಹೆಸರುಗಳನ್ನು ಮಕ್ಕಳ ಕೈಯಿಂದಲೇ ಧ್ವನಿಮುದ್ರಿಸಿಡುವ ಏರ್ಪಾಡಾಗಲಿ. ಉಪಾಧ್ಯಾಯರು ಪಾಠಗಳನ್ನು ಚಿತ್ರೀಕರಿಸಲು ಸಂಘದ ಕೋಣೆಯೊಂದು ತೆರೆದಿರಲಿ. ನಮ್ಮ ಕಡೆಯಿಂದಲೂ ಒಂದು ಮಾತು ಕೊಡುತ್ತೇವೆ: ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ನಾವು ಒಬ್ಬೊಬ್ಬರೂ ಇಲ್ಲಿಯ ಪಠ್ಯಕ್ಕೆ ಹೊಂದುವ ಹತ್ತು ಕನ್ನಡ ಪಾಠಗಳನ್ನು ಸಿದ್ಧಪಡಿಸಿ ಸಂಘಕ್ಕೆ ಒಪ್ಪಿಸುತ್ತೇವೆ. ಮುಂದಿನ ವಾರ್ಷಿಕೋತ್ಸವಗಳಲ್ಲಿ ನೀವು ನಮ್ಮಿಂದ ಲೆಕ್ಕ ಕೇಳಬೇಕು.

ವಿದ್ಯುತ್ತು ಇದ್ದಾಗ ಪರದೆ ಬೆಳಗಲಿ, ಕನ್ನಡದಲ್ಲಿ ಬೆಳಗಲಿ. ಇಲ್ಲದಾಗ ಉಪಾಧ್ಯಾಯರ ಪಾಠ ನಿಲ್ಲದಿರಲಿ.