ಅಯಾನು ಮತ್ತು ಅನಿಲಗಳ ಗುರುತು: ರಾಸಾಯನಿಕ ಪರೀಕ್ಷೆಗಳ ಇತಿಹಾಸ

ಬಣ್ಣವಿಲ್ಲದ ದ್ರಾವಣವೊಂದರಲ್ಲಿ ಏನಿದೆ, ಅದರಿಂದ ಹೊರಬರುವ ಅನಿಲ ಯಾವುದು ಎಂಬುದನ್ನು ಬಣ್ಣ, ವಾಸನೆ, ಜ್ವಾಲೆ ಹಾಗೂ ಪ್ರಕ್ಷೇಪಗಳಿಂದ, ಅಂದರೆ ದ್ರಾವಣದಲ್ಲಿ ಕರಗದೆ ಬೇರ್ಪಡುವ ಘನವಸ್ತುಗಳಿಂದ, ಗುರುತಿಸುವ ಕ್ರಮಕ್ಕೆ ಗುಣಾತ್ಮಕ ವಿಶ್ಲೇಷಣೆ ಎಂದು ಹೆಸರು. ಇದರ ಅತಿ ಹಳೆಯ ದಾಖಲೆಗಳಲ್ಲೊಂದು ಕಲಬೆರಕೆಗೆ ಸಂಬಂಧಿಸಿದ್ದು. ತಾಮ್ರದ ಕಿಲುಬಿನಲ್ಲಿ ಅನ್ನಭೇದಿ ಬೆರೆತಿದ್ದರೆ ಮಾಚಿಕಾಯಿಯ ರಸದಲ್ಲಿ ನೆನೆಸಿದ ಪಪೈರಸ್ ಹಾಳೆ ಅದರಿಂದ ಕಪ್ಪಾಗುತ್ತದೆಂದು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅನ್ನಭೇದಿಯಲ್ಲಿರುವ ಕಬ್ಬಿಣವೇ ಆ ಕಪ್ಪಿಗೆ ಕಾರಣ.

ವಯಲೆಟ್ ಹೂವಿನ ಪಾಕವು ಆಮ್ಲದಿಂದ ಕೆಂಪಾಗಿ, ಕ್ಷಾರದಿಂದ ಹಸಿರಾಗುವುದನ್ನು ರಾಬರ್ಟ್ ಬಾಯ್ಲ್ 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಸುಣ್ಣ ಸೇರಿದೊಡನೆ ಅರಿಶಿನದ ನೀರು ಕೆಂಪಾಗಿ ಆರತಿಯ ಓಕುಳಿಯಾಗುವುದೂ ಇದೇ ಬಗೆಯ ಕ್ರಿಯೆ.

ಅನಿಲಗಳ ಸರದಿ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, ಇಂದು ಇಂಗಾಲದ ಡೈಆಕ್ಸೈಡ್ ಎನಿಸಿಕೊಂಡಿರುವ ಅನಿಲವು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುವುದನ್ನು ಕಂಡು, ಮನುಷ್ಯರ ಉಸಿರಿನಲ್ಲಿಯೂ ಅದು ಇರುವುದನ್ನು ಅದೇ ಪರೀಕ್ಷೆಯಿಂದ ತೋರಿಸಿದನು. ಆದರೆ ಗಂಧಕದ ಡೈಆಕ್ಸೈಡ್ ಕೂಡ ತಿಳಿನೀರನ್ನು ಬೆಳ್ಳಗಾಗಿಸುವುದರಿಂದ ಒಂದೇ ಲಕ್ಷಣವನ್ನು ನಂಬಿ ತೀರ್ಮಾನಿಸುವಂತಿರಲಿಲ್ಲ. ಪರೀಕ್ಷೆಗಳಿಗೆ ಒಂದು ಕ್ರಮ ಬೇಕಾಗಿತ್ತು.

ಸ್ವೀಡನ್ನಿನ ಬರ್ಗ್‌ಮನ್ ಖನಿಜಜಲಗಳ ವಿಶ್ಲೇಷಣೆಯಲ್ಲಿ ಆರಂಭಿಸಿದ ವ್ಯವಸ್ಥೆಗೆ, ಜರ್ಮನಿಯ ಫ್ರೆಸೀನಿಯಸ್ 1841ರಲ್ಲಿ ಪ್ರಕಟಿಸಿದ ಕೈಪಿಡಿಯಿಂದ ಖಚಿತ ರೂಪ ಬಂದಿತು. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬೆಳ್ಳಿ, ಸೀಸಗಳ ಗುಂಪನ್ನು ಪ್ರಕ್ಷೇಪಿಸಿ ಸೋಸಿ ತೆಗೆದು, ಉಳಿದ ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿ ತಾಮ್ರ, ಕ್ಯಾಡ್ಮಿಯಂಗಳ ಗುಂಪನ್ನು ಬೇರ್ಪಡಿಸುವ ಆ ದಾರಿಯಲ್ಲೇ ಕಾಲೇಜು ಪ್ರಯೋಗಾಲಯಗಳು ಬಹುಕಾಲ ನಡೆದುಬಂದಿವೆ. ಲವಣಗಳು ನೀರಿನಲ್ಲಿ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬೇರ್ಪಡುತ್ತವೆಂದು ಅರ್ಹೀನಿಯಸ್ 1880ರ ದಶಕದಲ್ಲಿ ಪ್ರತಿಪಾದಿಸಿದ ಮೇಲೆ ಈ ಕ್ರಮದ ಕಾರಣವೂ ತಿಳಿಯಿತು: ಆಮ್ಲವು ಸಲ್ಫೈಡ್ ಅಯಾನುಗಳನ್ನು ಬಹಳ ವಿರಳವಾಗಿಸುವುದರಿಂದ, ಅತ್ಯಂತ ಕಡಿಮೆ ಕರಗುವ ಸಲ್ಫೈಡುಗಳು ಮಾತ್ರ ಅಲ್ಲಿ ಹೊರಬೀಳುತ್ತವೆ.

ಇಂದು ಉಪಕರಣಗಳು ಕ್ಷಣಾರ್ಧದಲ್ಲಿ ಉತ್ತರ ಕೊಟ್ಟರೂ ಈ ಪರೀಕ್ಷೆಗಳು ಕಲಿಸುವ ವಿವೇಚನೆಗೆ ಬೆಲೆ ಕುಗ್ಗಿಲ್ಲ. ಬೇರಿಯಂ ಕ್ಲೋರೈಡಿನಿಂದ ಕಾರ್ಬೊನೇಟು, ಸಲ್ಫೇಟು ಎರಡೂ ಬಿಳಿಯ ಪ್ರಕ್ಷೇಪವನ್ನೇ ಕೊಡುತ್ತವೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೊದಲನೆಯದು ಕರಗುತ್ತದೆ, ಎರಡನೆಯದು ಕರಗದು. ಆದುದರಿಂದ ವಿದ್ಯಾರ್ಥಿಗಳು ಬಣ್ಣ ಕಂಡೊಡನೆ ಉತ್ತರ ಬರೆಯದೆ, ದೃಢೀಕರಣ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.