ಬೇರಿಗೊಂದು ಬಿದಿರಕಡ್ಡಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕಡೂರಿನ ತೆಂಗಿನ ತೋಟದ ಬದುವಿನಲ್ಲಿ, ಅಜ್ಜಂಪುರದ ಕಡೆಯ ಹೊಲದ ಬೇಲಿಯಲ್ಲಿ, ತರೀಕೆರೆಯ ಅಡಿಕೆ ತೋಟದ ಅಂಚಿನಲ್ಲಿ ಬಿದಿರುಮೆಳೆಯನ್ನು ಕಾಣದವರು ಇಲ್ಲಿ ಯಾರೂ ಇರಲಾರರು. ಲಕ್ಕವಳ್ಳಿಯಿಂದ ಆಚೆಗೆ ಭದ್ರಾ ಅಭಯಾರಣ್ಯವನ್ನು ಹೊಕ್ಕರೆ ಬಿದಿರೇ ಕಾಡಿನ ಗೋಡೆಯಾಗಿ ನಿಲ್ಲುತ್ತದೆ. ಇಂಥ ಸೀಮೆಯಲ್ಲಿ ಬೋನ್ಸಾಯ್ ಬೆಳೆಸುವ ಹವ್ಯಾಸ ಹಿಡಿದವರು ಕುಂಡದ ಮಣ್ಣು ಬದಲಿಸಲು ಪೇಟೆಯಿಂದ ಕಬ್ಬಿಣದ ಕೊಕ್ಕೆಯನ್ನು ತರಿಸುತ್ತಾರೆ. ಅಂಗಳದಲ್ಲಿ ಬಿದ್ದಿರುವ ಬಿದಿರಿನ ಒಂದು ತುಂಡು ಅದಕ್ಕಿಂತ ಮೇಲಾದ ಉಪಕರಣವಾಗಬಲ್ಲದು. ಅದನ್ನು ತಯಾರಿಸುವ ಬಗೆ, ಬಳಸುವ ಬಗೆ, ಮತ್ತು ಆ ಪುಟ್ಟ ಕಡ್ಡಿಗೂ ಈ ಸೀಮೆಯ ಸಸಿಗಳಿಗೂ ಇರುವ ಸಂಬಂಧ ಇವೇ ಈ ಉಪನ್ಯಾಸದ ವಿಷಯ.

ಬೋನ್ಸಾಯ್ ಎಂಬುದು ಜಪಾನೀ ಪದ. ತಟ್ಟೆಯಂಥ ಕುಂಡದಲ್ಲಿ ನೆಟ್ಟದ್ದು ಎಂದು ಅದರ ಅರ್ಥ. ಕಲೆಯ ಮೂಲ ಚೀನಾದ್ದು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ, ಮೈಸೂರಿನ ಅವಧೂತ ದತ್ತಪೀಠದ ಆವರಣದಲ್ಲಿಯೂ ಇಂಥ ಮರಗಳ ಉದ್ಯಾನಗಳಿವೆ. ಅತ್ತಿ, ಬಸರಿ, ಗೋಣಿ, ಅರಳಿ, ಹುಣಸೆ ಮುಂತಾದ ನಮ್ಮ ನೆಲದ ಮರಗಳೆಲ್ಲ ಈ ಕಲೆಗೆ ಒಗ್ಗುತ್ತವೆ. ಆದರೆ ಕುಂಡದೊಳಗೆ ಬೇರಿಗೆ ಹೋಗಲು ದಾರಿಯಿಲ್ಲ. ಎರಡು ಮೂರು ವರ್ಷಗಳಲ್ಲಿ ಅದು ಗೋಡೆಗೆ ತಾಗಿ ತಿರುಗಿ, ತನ್ನನ್ನೇ ತಾನು ಸುತ್ತಿಕೊಂಡು ಚಾಪೆಯಂತಾಗುತ್ತದೆ. ನೀರು ಒಳಗಿಳಿಯುವುದಿಲ್ಲ, ಗಾಳಿಯಾಡುವುದಿಲ್ಲ. ಆಗ ಮರವನ್ನು ಹೊರತೆಗೆದು, ಬೇರು ಬಿಡಿಸಿ, ಸವರಿ, ಹೊಸ ಮಣ್ಣಿನಲ್ಲಿ ಕೂರಿಸಬೇಕು. ಬೋನ್ಸಾಯ್ ಕೆಲಸಗಳಲ್ಲಿ ಮರ ಸಾಯುವ ಅಪಾಯ ಹೆಚ್ಚಿರುವುದು ಇದೇ ಹೊತ್ತಿನಲ್ಲಿ.

ಕಬ್ಬಿಣವೇಕೆ ಬೇಡ

ಮಣ್ಣಿನಿಂದ ನೀರನ್ನೂ ಲವಣವನ್ನೂ ಹೀರುವುದು ದಪ್ಪ ಬೇರಲ್ಲ. ಎಳೆಬೇರಿನ ತುದಿಯ ಹಿಂದೆ ಇರುವ, ಕಣ್ಣಿಗೆ ಕಾಣಿಸಲಾರದಷ್ಟು ನವುರಾದ ಬೇರುರೋಮಗಳು. ಕಬ್ಬಿಣದ ಕೊಕ್ಕೆ ಎಳೆದಾಗ ಅವು ಹರಿಯುತ್ತವೆ. ದಪ್ಪ ಬೇರಿನ ಸಿಪ್ಪೆಯೂ ಸುಲಿದು ಗಾಯದ ಮೂಲಕ ಶಿಲೀಂಧ್ರ ಒಳಸೇರುತ್ತದೆ. ಕಬ್ಬಿಣಕ್ಕೆ ಅಡ್ಡ ಬಂದದ್ದು ಕಲ್ಲೋ ಬೇರೋ ಎಂಬುದು ಕೈಗೆ ತಿಳಿಯುವಷ್ಟರಲ್ಲಿ ಬೇರು ಹರಿದಿರುತ್ತದೆ. ಬಿದಿರಕಡ್ಡಿ ಹಾಗಲ್ಲ. ಗಟ್ಟಿ ಬೇರು ಸಿಕ್ಕರೆ ಕಡ್ಡಿಯೇ ಮೊದಲು ಬಾಗುತ್ತದೆ. ಬಾಗಿದ್ದು ಬೆರಳಿಗೆ ತಿಳಿಯುತ್ತದೆ. ಕೈ ತಾನಾಗಿ ನಿಲ್ಲುತ್ತದೆ. ಚೀನಾ, ಜಪಾನುಗಳಲ್ಲಿ ಊಟದ ಕಡ್ಡಿಯೇ ತೋಟಗಾರನ ಕೈಗೂ ಬಂದದ್ದು ಆಕಸ್ಮಿಕವಲ್ಲ.

ಪಟ್ಟಣದ ಹೋಟೆಲುಗಳಲ್ಲಿ ನೂಡಲ್ಸ್ ಜೊತೆ ಕೊಡುವ ಕಡ್ಡಿಯನ್ನು ಇದಕ್ಕೆ ಬಳಸುವವರಿದ್ದಾರೆ. ಒಂದು ಊಟಕ್ಕೆಂದು ಮಾಡಿದ ಆ ಕಡ್ಡಿ ಒದ್ದೆಮಣ್ಣಿನಲ್ಲಿ ಬೇಗ ಮೆತ್ತಗಾಗಿ ಸಿಬಿರೇಳುತ್ತದೆ. ಕೈಯಾರೆ ಮಾಡಿದ ಕಡ್ಡಿ ವರ್ಷಗಟ್ಟಲೆ ಬಾಳುತ್ತದೆ.

ಬಿದಿರಿನ ಆಯ್ಕೆ

ಈ ಭಾಗದಲ್ಲಿ ಎರಡು ಬಗೆಯ ಬಿದಿರು ಸಾಮಾನ್ಯ. ಒಂದು ಮುಳ್ಳುಳ್ಳ ಹೆಬ್ಬಿದಿರು; ಇನ್ನೊಂದು ಒಣಪ್ರದೇಶದಲ್ಲಿ ಬೆಳೆಯುವ, ಒಳಗೆ ಹೆಚ್ಚು ಟೊಳ್ಳಿಲ್ಲದ ಕಿರುಬಿದಿರು. ಕಡ್ಡಿಗೆ ಎರಡೂ ಆಗುತ್ತವೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಿರುವ ಗಳದಲ್ಲಿ ನಡುವೆ ಗೆಣ್ಣಿಲ್ಲದ ಕಡ್ಡಿ ಸುಲಭವಾಗಿ ದೊರೆಯುತ್ತದೆ.

ಮುಖ್ಯವಾದುದು ಗಳದ ವಯಸ್ಸು. ಬಿದಿರು ಹುಲ್ಲಿನ ಜಾತಿಯದು. ಮೊದಲ ಮಳೆಗಾಲದಲ್ಲಿಯೇ ತನ್ನ ಪೂರ್ಣ ಎತ್ತರವನ್ನೂ ದಪ್ಪವನ್ನೂ ಪಡೆದುಬಿಡುತ್ತದೆ. ಆದರೆ ಬಲ ಬರುವುದು ಆಮೇಲೆ. ಒಂದು ವರ್ಷದ ಗಳ ಕಡುಹಸಿರಾಗಿದ್ದು, ಗೆಣ್ಣಿಗೆ ಪೊರೆ ಅಂಟಿಕೊಂಡಿರುತ್ತದೆ, ಅದನ್ನು ಕಡಿಯಬಾರದು. ಮೂರು ವರ್ಷ ದಾಟಿದ ಗಳದ ಹಸಿರು ಮಂಕಾಗಿರುತ್ತದೆ, ಮೈಮೇಲೆ ಬಿಳಿಯ ಕಲೆಗಳಿರುತ್ತವೆ, ಕತ್ತಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿಯಾಗಿ ದನಿಗೊಡುತ್ತದೆ. ಕಡಿಯಬೇಕಾದುದು ಅದನ್ನು. ಕಳಲೆ ಏಳುವ ಮಳೆಗಾಲದಲ್ಲಿ ಮೆಳೆಯನ್ನು ಮುಟ್ಟದೆ, ಕಾರ್ತಿಕದಿಂದ ಮಾಘದವರೆಗಿನ ಚಳಿಗಾಲದಲ್ಲಿ, ನೆಲದಿಂದ ಒಂದೆರಡು ಗೆಣ್ಣು ಬಿಟ್ಟು, ಗೆಣ್ಣಿನ ಮೇಲ್ಭಾಗದಲ್ಲಿಯೇ ಕಡಿಯಬೇಕು. ಹಾಗೆ ಕಡಿದರೆ ಬುಡದಲ್ಲಿ ನೀರು ನಿಂತು ಮೆಳೆ ಕೊಳೆಯುವುದಿಲ್ಲ.

ಕಡಿದ ಬಿದಿರಿಗೆ ಕುಟ್ಟೆಹುಳು ಬೀಳುವುದು ಅದರೊಳಗಿನ ಪಿಷ್ಟದ ಆಸೆಗೆ. ಆದ್ದರಿಂದ ತುಂಡುಗಳನ್ನು ಹರಿಯುವ ನೀರಿನಲ್ಲಿ ಎರಡು ಮೂರು ವಾರ ಮುಳುಗಿಸಿಡಬೇಕು. ಹಳ್ಳವಿಲ್ಲದ ಕಡೆ ತೊಟ್ಟಿಯಾದರೂ ಸರಿ, ಆಗಾಗ ನೀರು ಬದಲಿಸುತ್ತಿರಬೇಕು. ಬಳಿಕ ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬಿದಿರು ಸೀಳುಬಿಡುತ್ತದೆ.

ಕಡ್ಡಿ ಕೆತ್ತುವುದು

ಬಿದಿರು ಸೀಳುವುದನ್ನು ಮೇದರ ಕೈಯಿಂದ ಕಲಿಯಬೇಕು. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕ ಇದು. ಅವರು ತುಂಡನ್ನು ಮೊದಲು ಎರಡಾಗಿ, ಎರಡನ್ನು ನಾಲ್ಕಾಗಿ, ನಾಲ್ಕನ್ನು ಎಂಟಾಗಿ ಸೀಳುತ್ತಾರೆ. ಯಾವಾಗಲೂ ಸರಿಸಮ ಭಾಗ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆದರೆ ಸೀಳು ತೆಳುವಿನ ಕಡೆಗೆ ಓಡಿ ಹಾಳಾಗುತ್ತದೆ. ಕತ್ತಿಯ ಅಲಗನ್ನು ತುಂಡಿನ ತಲೆಯ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಹೊಡೆದರೆ ಸಾಕು, ಎಳೆಯ ಗುಂಟ ಬಿದಿರು ತಾನೇ ಬಿಡಿಸಿಕೊಳ್ಳುತ್ತದೆ.

ಹೀಗೆ ಬಂದ ದಬ್ಬೆಯ ಒಳಮೈಯ ಮೆತ್ತನೆಯ ಭಾಗವನ್ನು ಕೆತ್ತಿ ತೆಗೆಯಬೇಕು. ಬಿದಿರಿನ ನಾರು ಒತ್ತಾಗಿರುವುದು ಹೊರಸಿಪ್ಪೆಯ ಬದಿಯಲ್ಲಿ. ಕಡ್ಡಿಯ ಬಲವೆಲ್ಲ ಅಲ್ಲಿಯೇ ಇದೆ. ಉದ್ದ 25 ಸೆಂಟಿಮೀಟರ್, ದಪ್ಪ 8 ಮಿಲಿಮೀಟರ್ ಇರಲಿ. ಹಿಡಿಯ ಭಾಗವನ್ನು ದುಂಡಗೆ ಮಾಡಿ, ಕೊನೆಯ 8 ಸೆಂಟಿಮೀಟರನ್ನು ಕ್ರಮೇಣ ಸಪೂರಗೊಳಿಸಬೇಕು. ಆ ತುದಿಯಲ್ಲಿ ಒಂದು ಬದಿಗಾದರೂ ಹೊರಸಿಪ್ಪೆ ಉಳಿದಿರಬೇಕು. ತುದಿ ಸೂಜಿಯಂತಿರದೆ ಜೋಳದ ಕಾಳಿನಂತೆ ದುಂಡಗಿರಬೇಕು. ಚೂಪಾದರೆ ಕಬ್ಬಿಣಕ್ಕೂ ಅದಕ್ಕೂ ಭೇದ ಉಳಿಯದು. ಕೆತ್ತುವಾಗ ಚಾಕುವಿನ ಬಾಯಿ ಯಾವಾಗಲೂ ಮೈಯಿಂದ ಆಚೆಗೆ ಇರಲಿ. ಮಕ್ಕಳು ಈ ಕೆಲಸವನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು.

ನಯಗೊಳಿಸಲು ಮರಳುಕಾಗದ ಬೇಕೆಂದಿಲ್ಲ. ಗರಗತ್ತಿ ಮರದ ಒಣಗಿದ ಎಲೆ ಅದೇ ಕೆಲಸ ಮಾಡುತ್ತದೆ. ಆಮೇಲೆ ತುದಿಯನ್ನು ಕೆಂಡದ ಮೇಲೆ, ಉರಿಗೆ ತಾಗಿಸದೆ, ತಿರುಗಿಸುತ್ತ ಕಾಯಿಸಬೇಕು. ತಿಳಿಕಂದು ಬಣ್ಣ ಬಂದೊಡನೆ ತೆಗೆದುಬಿಡಬೇಕು, ಕಪ್ಪಾದರೆ ಮುರಿಯುತ್ತದೆ. ಕೊನೆಗೆ ಹೊಂಗೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಹುಳುವಿನ ಕಾಟ ಕಡಿಮೆ. ಇದೇ ರೀತಿ ದೊಡ್ಡ ಕುಂಡಕ್ಕೊಂದು ದಪ್ಪಕಡ್ಡಿ, ನವುರು ಬೇರಿಗೊಂದು ಸಣ್ಣಕಡ್ಡಿ ಮಾಡಿಟ್ಟುಕೊಂಡರೆ ಜೊತೆ ಪೂರ್ಣವಾಯಿತು.

ಬಳಸುವ ಬಗೆ

ಅತ್ತಿ, ಬಸರಿ, ಗೋಣಿಗಳ ಕುಂಡ ಬದಲಿಸಲು ಮುಂಗಾರಿಗೆ ಮೊದಲಿನ ಬೆಚ್ಚಗಿನ ದಿನಗಳು ಒಳ್ಳೆಯವು. ಹಿಂದಿನ ದಿನ ನೀರು ಹಾಕದೆ ಮಣ್ಣನ್ನು ಅರೆತೇವದಲ್ಲಿ ಇರಿಸಬೇಕು. ಮರವನ್ನು ಹೊರತೆಗೆದು, ಬೇರಿನ ಉಂಡೆಯ ಅಂಚಿನಿಂದ ಪ್ರಾರಂಭಿಸಿ, ತಾಯಿ ಮಗಳ ಸಿಕ್ಕುಗೂದಲನ್ನು ಬಿಡಿಸುವಂತೆ, ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಒಳಗೆ ಸಾಗಬೇಕು. ಕಡ್ಡಿಯ ಎಳೆತ ಯಾವಾಗಲೂ ಕಾಂಡದಿಂದ ಹೊರಮುಖವಾಗಿರಲಿ. ಬಿಡಿಸಿದ ಬೇರನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸವರಬಾರದು. ಈ ಹೊತ್ತಿನಲ್ಲೆಲ್ಲ ಬೇರು ಒಣಗದಂತೆ ನೀರು ಚಿಮುಕಿಸುತ್ತಿರಬೇಕು.

ಕುಂಡಕ್ಕೆ ಎರೆಮಣ್ಣನ್ನಾಗಲಿ ಬರೀ ಗೊಬ್ಬರವನ್ನಾಗಲಿ ತುಂಬಬಾರದು. ಇಟ್ಟಿಗೆ ಚೂರು, ದಪ್ಪ ಮರಳು, ಮಾಗಿದ ಎಲೆಗೊಬ್ಬರ ಬೆರೆತ, ನೀರು ಬಸಿಯುವ ಮಣ್ಣು ಬೇಕು. ಮರವನ್ನು ಕೂರಿಸಿ ಮಣ್ಣು ಸುರಿದ ಮೇಲೆ ಕಡ್ಡಿಯ ಎರಡನೆಯ ಕೆಲಸ ಪ್ರಾರಂಭವಾಗುತ್ತದೆ. ಬೇರುಗಳ ನಡುವೆ ಪೊಳ್ಳು ಉಳಿದರೆ ಅಲ್ಲಿನ ಬೇರು ಒಣಗಿ ಸಾಯುತ್ತದೆ. ಕಡ್ಡಿಯನ್ನು ನಿಧಾನವಾಗಿ ಇಳಿಸಿ ಸಣ್ಣ ವೃತ್ತದಲ್ಲಿ ಆಡಿಸಿದರೆ ಮಣ್ಣು ಪೊಳ್ಳಿನೊಳಗೆ ಜಾರುತ್ತದೆ. ಕುಟ್ಟಬಾರದು, ಚುಚ್ಚಬಾರದು. ಮಣ್ಣು ಮತ್ತೆ ಕುಸಿಯದಿದ್ದಾಗ ಕೆಲಸ ಮುಗಿಯಿತು. ತಳದ ರಂಧ್ರದಿಂದ ತಿಳಿನೀರು ಬರುವವರೆಗೆ ನೀರು ಹಾಯಿಸಿ, ಎರಡು ಮೂರು ವಾರ ನೆರಳಿನಲ್ಲಿಡಬೇಕು.

ಮೂರನೆಯ ಉಪಯೋಗವೂ ಒಂದಿದೆ. ಎಣ್ಣೆ ಸವರದ ಕಡ್ಡಿಯೊಂದನ್ನು ಕುಂಡದ ಮಣ್ಣಿನಲ್ಲಿ ಹತ್ತು ನಿಮಿಷ ನೆಟ್ಟು ತೆಗೆದರೆ, ಒದ್ದೆಯಾಗಿ ಕಪ್ಪಾದ ಭಾಗ ಒಳಗಿನ ತೇವವನ್ನು ತೋರಿಸುತ್ತದೆ. ಮೇಲ್ಮಣ್ಣು ನೋಡಿ ನೀರು ಹಾಕಿ ಬೇರು ಕೊಳೆಸುವವರಿಗೆ ಇದಕ್ಕಿಂತ ಅಗ್ಗದ ತೇವಮಾಪಕ ಬೇರೊಂದಿಲ್ಲ.

ಕುಂಡದಿಂದ ತೋಟಕ್ಕೆ

ಹವ್ಯಾಸದ ಮಾತು ಹಳ್ಳಿಯವರಿಗೇಕೆ ಎಂಬ ಪ್ರಶ್ನೆ ಏಳಬಹುದು. ಬೋನ್ಸಾಯ್ ಕುಂಡದಲ್ಲಿ ನಡೆಯುವುದೇ ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿಯೂ ನಡೆಯುತ್ತದೆ. ಚೀಲದಲ್ಲಿ ಹೆಚ್ಚು ದಿನ ಉಳಿದ ಸಸಿಯ ಬೇರು ತಳದಲ್ಲಿ ಸುರುಳಿ ಸುತ್ತಿರುತ್ತದೆ. ವನಮಹೋತ್ಸವದ ದಿನ ಅದನ್ನು ಹಾಗೆಯೇ ಗುಂಡಿಗಿಳಿಸಿದರೆ ಸುರುಳಿ ನೆಲದೊಳಗೂ ಸುರುಳಿಯಾಗಿಯೇ ಉಳಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಬೇರಿಗೂ ಸಲ್ಲುತ್ತದೆ. ಎರಡು ಮೂರು ಮಳೆಗಾಲ ಚೆನ್ನಾಗಿದ್ದ ಗಿಡ ಒಂದು ಬೇಸಿಗೆಯಲ್ಲಿ ಸೊರಗಿದಾಗ, ಇಲ್ಲವೆ ಗಾಳಿಗೆ ಬುಡಸಹಿತ ಒರಗಿದಾಗ ಜನ ಮಳೆಯನ್ನು ದೂರುತ್ತಾರೆ, ಮಣ್ಣನ್ನು ದೂರುತ್ತಾರೆ. ಕಿತ್ತು ಬೇರು ನೋಡುವವರು ವಿರಳ.

ಹಲಸು, ಹೊಂಗೆ, ನೇರಳೆ ಸಸಿಗಳನ್ನು ನೆಡುವ ಮುನ್ನ ಚೀಲವನ್ನು ಪೂರ್ತಿ ತೆಗೆದು, ಅಂಚಿನ ಸುತ್ತುಬೇರನ್ನು ಇದೇ ಕಡ್ಡಿಯಿಂದ ಹೊರಮುಖವಾಗಿ ಬಿಡಿಸಿದರೆ ಐದು ನಿಮಿಷದ ಶ್ರಮಕ್ಕೆ ಮರದ ಆಯುಷ್ಯವೇ ಪ್ರತಿಫಲ. ಕಾಫಿ ಸಸಿಯ ಚೀಲದ ತಳವನ್ನು ಒಂದಂಗುಲದಷ್ಟು ಕತ್ತರಿಸಿ, ಸುರುಳಿಯಾದ ತಾಯಿಬೇರಿನ ತುದಿಯನ್ನು ತೆಗೆದು ನೆಡುವ ಪದ್ಧತಿಯ ಹಿಂದಿರುವುದೂ ಇದೇ ತತ್ವ. ಆದರೆ ಕಾಳುಮೆಣಸಿನ ಬಳ್ಳಿಯ ಬೇರನ್ನು ಮಾತ್ರ ಕೆದಕಬಾರದು. ಅದರ ಗಾಯವೇ ಸೊರಗುರೋಗಕ್ಕೆ ಬಾಗಿಲು.

ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು

ಈ ಸೀಮೆಯ ಬಿದಿರಿಗೆ ಒಂದು ಕಥೆಯಿದೆ. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಕಾಡಿನ ಬಿದಿರು ಲಾರಿಗಟ್ಟಲೆ ಹರಿದುಹೋಯಿತು. ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಕಳೆದಿವೆ. ಭದ್ರಾ 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅಲ್ಲಿನ ಬಿದಿರು ಆನೆಗೂ ಕಾಟಿಗೂ ಮೇವು. ಕಡ್ಡಿಗೆಂದು ಅಲ್ಲಿಂದ ಒಂದು ಗಳವನ್ನೂ ತರತಕ್ಕದ್ದಲ್ಲ. ಬಾಬಾಬುಡನ್ ಗಿರಿಯ ಬಂಡೆಯ ಮೇಲೆ ಕುಳ್ಳಗೆ ಬೆಳೆದ ಹಳೆಯ ಮರವನ್ನು ಬೋನ್ಸಾಯ್ ಆದೀತೆಂದು ಕಿತ್ತು ತರುವುದು ಅದಕ್ಕಿಂತ ದೊಡ್ಡ ತಪ್ಪು. ಬೀಜದಿಂದ, ಕಡ್ಡಿಯಿಂದ, ಹಳೆಮನೆಯ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯಿಂದ ಬೋನ್ಸಾಯ್ ಬೆಳೆಸಲು ಯಾರ ಅಡ್ಡಿಯೂ ಇಲ್ಲ.

ಸ್ವಂತ ಬದುವಿನ ಬಿದಿರಿನ ಮಾತು ಬೇರೆ. 1927ರ ಭಾರತೀಯ ಅರಣ್ಯ ಕಾಯಿದೆ ಹುಲ್ಲಿನ ಜಾತಿಯ ಬಿದಿರನ್ನು ಮರವೆಂದೇ ಎಣಿಸಿತ್ತು. 2017ರ ತಿದ್ದುಪಡಿಯ ಬಳಿಕ ಅರಣ್ಯೇತರ ಭೂಮಿಯ ಬಿದಿರು ಆ ಕಾಯಿದೆಯಲ್ಲಿ ಮರವಲ್ಲ. ಹೊರಗೆ ಸಾಗಿಸುವುದಿದ್ದರೆ ರಾಜ್ಯದ ನಿಯಮವನ್ನು ಕೇಳಿ ತಿಳಿಯುವುದು ವಿವೇಕ. ಬದುವಿನಲ್ಲಿ ಒಂದು ಮೆಳೆ ಇದ್ದರೆ ಮಣ್ಣು ಕೊಚ್ಚಿಹೋಗದು. ಮನೆಗೆ ಕಡ್ಡಿ, ಏಣಿ, ತಟ್ಟಿ, ತಿನ್ನಲು ಕಳಲೆ. ಊರಿನ ಮೇದರ ಮನೆಗೆ ಕೆಲಸ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಅವರ ಕತ್ತಿ ಮೂಲೆ ಸೇರುತ್ತಿದೆ. ಬಿದಿರು ಸೀಳುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಅದಿರುವುದು ಆ ಕೈಗಳಲ್ಲಿ.

ವಿದ್ಯಾರ್ಥಿಗಳು ಈ ಚಳಿಗಾಲದಲ್ಲಿ ತಮ್ಮೂರಿನ ಮೇದರ ಹಿರಿಯರೊಬ್ಬರನ್ನು ಗೌರವದಿಂದ ಶಾಲೆಗೆ ಕರೆದು, ಅವರ ಅರ್ಧ ದಿನದ ಕೂಲಿಯನ್ನು ಮೊದಲೇ ಕೊಟ್ಟು, ಕಡ್ಡಿ ಸೀಳುವುದನ್ನು ಕಲಿಯಲಿ. ಮುಂದಿನ ಮಳೆಗಾಲದಲ್ಲಿ ಸಸಿ ನೆಡುವಾಗ ಪ್ರತಿಯೊಬ್ಬರ ಕೈಯಲ್ಲಿ ತಾವೇ ಮಾಡಿದ ಕಡ್ಡಿ ಇರಲಿ. ನೆಟ್ಟ ಗಿಡಗಳನ್ನು ಎಣಿಸುವ ಮುನ್ನ ಅವುಗಳ ಬೇರನ್ನು ಬಿಡಿಸಿ ನೋಡುವ ಅಭ್ಯಾಸ ಬೆಳೆದರೆ, ಮೂರು ವರ್ಷದ ಮೇಲೂ ಎಣಿಸಲು ಗಿಡಗಳು ಉಳಿದಿರುತ್ತವೆ.